ಹಿಂದಿನ ಸೀಟಿನಡಿಯ ಬೋರ್‌ವೆಲ್

ಕೋಲಾರ ಜಿಲ್ಲೆಯಲ್ಲಿ ಪಂಪು ಕೆಟ್ಟರೆ ತಪ್ಪು ಯಾರದ್ದು ಅನ್ನುವುದು ಇವತ್ತಿನವರೆಗೂ ಇತ್ಯರ್ಥವಾಗಿಲ್ಲ. ರೀವೈಂಡಿಂಗ್ ಅಂಗಡಿಯವನು ವೋಲ್ಟೇಜಿನ ಕಡೆ ಕೈ ತೋರಿಸುತ್ತಾನೆ. ಲೈನ್‌ಮನ್ ಸ್ಟಾರ್ಟರಿನ ಕಡೆ ತೋರಿಸುತ್ತಾನೆ, ಸ್ಟಾರ್ಟರ್ ಮಾರಿದವನು ಕೇಬಲ್ಲಿನ ಕಡೆ. ನೀರೇ ಬೀಳದಿದ್ದರಂತೂ ಕೇಳುವುದೇ ಬೇಡ. ಬೋರ್ ಕೊರೆದವರು ಪಾಯಿಂಟ್ ಮಾಡಿದವನನ್ನು ತೋರಿಸುತ್ತಾರೆ, ಅಂಗೈ ಮೇಲೆ ತೆಂಗಿನಕಾಯಿ ಎಬ್ಬಿಸಿ ನಿಲ್ಲಿಸಿದ ಆ ಮಹಾನುಭಾವ ನಮ್ಮ ಹಣೆಬರಹವನ್ನು ತೋರಿಸುತ್ತಾನೆ, ಎಲ್ಲರೂ ದುಡ್ಡು ಎಣಿಸಿಕೊಂಡು ಹೋಗುತ್ತಾರೆ. ವರ್ಷಪೂರ್ತಿ ಹರಿಯುವ ಹೊಳೆಯೊಂದೂ ಇಲ್ಲದೆ, ಸಾವಿರ ಅಡಿ ದಾಟಿ ಕೊರೆದು ಬದುಕುವ ಜನ ನಾವು. ಇದೆಲ್ಲ ಅಭ್ಯಾಸವಾಗಿದೆ.

ಅಂಥ ಮನೆಗೆ ಹೊಸ ಕಾರು ಬಂದು, ಇನ್ನೂ ಸೀಟಿನ ಪ್ಲಾಸ್ಟಿಕ್ ಹೊದಿಕೆ ಕೀಳುವ ಮೊದಲೇ, ಒಂದು ಮೆಸೇಜು ಬಂತು. ನಿಮ್ಮ ಗಾಡಿಯ ಫ್ಯೂಯಲ್ ಪಂಪಿನಲ್ಲಿ ದೋಷ ಇರುವ ಸಾಧ್ಯತೆ ಇದೆ, ಓಡುವಾಗಲೇ ಎಂಜಿನ್ ನಿಂತುಹೋಗಬಹುದು, ವರ್ಕ್‌ಶಾಪಿಗೆ ತನ್ನಿ, ಒಂದು ಪೈಸೆ ತೆಗೆದುಕೊಳ್ಳದೆ ಬದಲಾಯಿಸಿಕೊಡುತ್ತೇವೆ ಎಂದು. ಕಳಿಸಿದ್ದು ಸಾಕ್ಷಾತ್ ಕಂಪನಿ.

ಯಾವ ಕಂಪನಿ ಅಂತ ಹೇಳುವುದಿಲ್ಲ. ಪಾಪ, ತಾನಾಗಿ ಒಪ್ಪಿಕೊಂಡವರ ಹೆಸರು ಎತ್ತುವುದು ಸರಿಯಲ್ಲ.

ಮೆಸೇಜು ಬಂದ ಹೊತ್ತಿಗೆ ಶ್ರೀನಿವಾಸಪುರದ ಕಡೆಯಿಂದ ಸೋದರಮಾವ ಬಂದಿದ್ದರು. ಅವರದು ಮಾವಿನ ತೋಟ, ಹುಟ್ಟಿದಾಗಿನಿಂದ ಮಂಡಿ ವ್ಯವಹಾರ. ಕನ್ನಡಕ ಏರಿಸಿ ಎರಡೆರಡು ಸಲ ಓದಿದರು. "ಬಿಟ್ಟಿಗೆ ಮಾಡ್ಕೊಡ್ತೀವಿ ಅಂತಾನಾ? ಅಂಗಾದ್ರೆ ಏನೋ ಐತೆ ಕಣಪ್ಪ. ನೋಡ್ತಾ ಇರು, ಆಮೇಲೆ ಓಟಿಪಿ ಕೇಳ್ತಾನೆ. ಕೊಟ್ಗಿಟ್ಟೀಯ!" ಅಂದರು. ಅವರ ಅನುಮಾನ ನ್ಯಾಯವಾದದ್ದೇ. ಕ್ರೇಟಿನ ಮೇಲಿನ ಸಾಲು ಫಳಫಳ ಹೊಳೆಯುತ್ತಿರುವಾಗ, "ತಳದಲ್ಲಿ ನಾಲ್ಕು ಕರಿಕಾಯಿ ಇದಾವೆ ಸ್ವಾಮಿ, ತಪ್ಪು ನಮ್ದೇ" ಎಂದು ಹೇಳಿದ ಮನುಷ್ಯನನ್ನು ಶ್ರೀನಿವಾಸಪುರದ ಮಂಡಿಯಲ್ಲಿ ಅವರು ಇದುವರೆಗೆ ಕಂಡಿಲ್ಲ. ಟೊಮೇಟೊ ಬಾಕ್ಸಿನಲ್ಲೂ ಕಂಡಿಲ್ಲ. ಮದುವೆ ಮಾತುಕತೆಯಲ್ಲೂ ಕಂಡಿಲ್ಲವಂತೆ. ಇದನ್ನು ಹೇಳುವಾಗ ಅತ್ತೆಯ ಕಡೆ ನೋಡಲಿಲ್ಲ.

ಅಮ್ಮನ ತನಿಖೆ ಬೇರೆ ದಾರಿ ಹಿಡಿಯಿತು. ಗಾಡಿ ತಂದ ದಿನ ನಮ್ಮ ಮಾಲೂರಿನಿಂದ ಹತ್ತಿರ ಅಂತ ಮೊದಲು ಚಿಕ್ಕತಿರುಪತಿಗೆ ಹೋಗಿ ಪೂಜೆ ಮಾಡಿಸಿದ್ದೆವು. ಅದರ ಮುಂದಿನ ಭಾನುವಾರ ಮುಳಬಾಗಿಲಿಗೆ ಹೋಗಿ, ಆಂಜನೇಯನಿಗೆ ಕೈಮುಗಿದು, ದೋಸೆ ತಿಂದು, ಆಮೇಲೆ ಕುರುಡುಮಲೆ. ಹದಿಮೂರೂವರೆ ಅಡಿ ಎತ್ತರ ಕೂತಿರುವ ಗಣಪ, ಕೆಲಸ ಶುರು ಮಾಡುವ ಮುಂಚೆ ನೆನೆಯಬೇಕಾದವನು. ಅವನನ್ನು ಕೊನೆಗೆ ಇಟ್ಟರೆ ಪಂಪು ನಿಲ್ಲದೆ ಇನ್ನೇನಾಗುತ್ತದೆ? "ಅದೂ ದೋಸೆ ಆದ್ಮೇಲೆ" ಎಂದು ಅಮ್ಮ ಒತ್ತಿ ಹೇಳಿದಳು.

ಇಷ್ಟರಲ್ಲಿ ತಂಗಿಯ ಮಗ ಬಂದ. ನರಸಾಪುರದಲ್ಲಿ ಹೋಂಡಾದವರ ಸ್ಕೂಟರ್ ಕಾರ್ಖಾನೆಯಲ್ಲಿ ಅವನ ಕೆಲಸ. ಹಾಗಾಗಿ ಚಕ್ರ ಇರುವ ಯಾವುದರ ಬಗ್ಗೆಯಾದರೂ ನಮ್ಮ ಮನೆಯಲ್ಲಿ ಅವನದೇ ಕೊನೆಯ ಮಾತು. ಇದು ಗಣಪನ ಮುನಿಸೂ ಅಲ್ಲ ಮೋಸವೂ ಅಲ್ಲ, ರೀಕಾಲ್ ಅಂದ. ಇಂತಿಷ್ಟು ತಾರೀಖಿನಿಂದ ಇಂತಿಷ್ಟು ತಾರೀಖಿನವರೆಗೆ ತಯಾರಾದ ಗಾಡಿಗಳಿಗೆ ಒಂದೇ ಕಡೆಯಿಂದ ಬಂದ ಪಂಪು ಹಾಕಿರುತ್ತಾರೆ, ಅದರಲ್ಲಿ ಕೆಲವು ಕೈ ಕೊಟ್ಟರೆ ಅಷ್ಟನ್ನೂ ಕರೆಸುತ್ತಾರೆ. 2020ರ ಜುಲೈನಲ್ಲಿ ಮಾರುತಿಯವರು ಇದೇ ಪಂಪಿನ ವಿಚಾರಕ್ಕೆ 1,34,885 ವ್ಯಾಗನ್‌ಆರ್, ಬಲೆನೋ ಕಾರು ಕರೆಸಿದರು. ಅದೇ ವರ್ಷ ಜೂನ್‌ನಲ್ಲಿ ಹೋಂಡಾದವರು 65,651, ಮತ್ತೆ 2024ರಲ್ಲಿ 90 ಸಾವಿರಕ್ಕೂ ಮಿಕ್ಕಿ. ಇವೆಲ್ಲ ಪೇಪರಿನಲ್ಲಿ ಬಂದ ಲೆಕ್ಕ. ಲಕ್ಷಗಟ್ಟಲೆ ಜನ ಗಣಪನನ್ನು ಕೊನೆಗೆ ಇಟ್ಟಿರಲಿಕ್ಕಿಲ್ಲ ಎಂದು ನಾನು ಸೇರಿಸಿದೆ. ಅಮ್ಮ, "ಬೆಂಗಳೂರಿನೋರು ಇಟ್ಟಿರ್ತಾರೆ" ಅಂದಳು.

ಮಾವನನ್ನು ಒಪ್ಪಿಸಿದ್ದು ಮಾತ್ರ ಕಾನೂನು. 2012ರಿಂದ ವಾಹನ ತಯಾರಕರ ಸಂಘದವರೇ ಸ್ವಂತ ಮನಸ್ಸಿನಿಂದ ಪಾಲಿಸುವ ಒಂದು ನಿಯಮ ಮಾಡಿಕೊಂಡಿದ್ದರು ಎಂದಾಗ ಅವರು ನಕ್ಕುಬಿಟ್ಟರು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಕಲಮು ಸೇರಿತು, 2021ರ ಏಪ್ರಿಲ್ 1ರಿಂದ ನಿಯಮ ಜಾರಿಗೆ ಬಂತು ಎಂದಾಗ ಕಾಲು ಮಡಚಿ ಕೂತರು. ಏಳು ವರ್ಷದೊಳಗಿನ ಗಾಡಿಗಳಲ್ಲಿ ಅಪಾಯದ ದೋಷವಿದ್ದು, ಕಂಪನಿ ಸುಮ್ಮನಿದ್ದು, ಸರ್ಕಾರವೇ ಕರೆಸುವಂತಾದರೆ ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ಅಂದೆ. "ಒಂದು ಕೋಟಿನಾ?" ಮುಖ ಅರಳಿತು. "ಅಂಗೇಳು ಮತ್ತೆ! ಸುಮ್ನೆ ಯಾವನು ತಪ್ಪು ಒಪ್ಕೊಂತಾನೆ? ಈಗ ನಂಬ್ತೀನಿ."

ಮನೆಯೊಳಗಿನವರು ನಂಬಿದ ಮೇಲೆ ಬೀದಿಯವರದು ಶುರುವಾಯಿತು. "ಕಂಪನಿಯವರು ಗಾಡಿ ವಾಪಸ್ ಕರೆಸ್ತಿದ್ದಾರೆ" ಎಂಬ ಮಾತಿಗೆ ನಮ್ಮ ಕಡೆ ಒಂದೇ ಅರ್ಥ: ಕಂತು ಕಟ್ಟಿಲ್ಲ. ಟೀ ಅಂಗಡಿಯಲ್ಲಿ ಒಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಎಷ್ಟು ಕಂತು ಬಾಕಿ ಸಾರ್? ಬ್ಯಾಂಕಿನೋರತ್ರ ಮಾತಾಡೋಣ" ಎಂದರು. ಎದುರುಮನೆಯವರು ಬಾಗಿಲು ಮರೆಯಲ್ಲಿ ನಿಂತು ಅಮ್ಮನಿಗೆ ಧೈರ್ಯ ಹೇಳಿದರು. ನಾನು ಏರುದನಿಯಲ್ಲಿ ಫ್ಯೂಯಲ್ ಪಂಪಿನ ವಿಷಯ ವಿವರಿಸಿದಷ್ಟೂ ಅವರ ಮುಖದಲ್ಲಿ ಕನಿಕರ ಹೆಚ್ಚಿತು. ವರ್ಕ್‌ಶಾಪಿನವರು ಬೇಕಾದರೆ ಗಾಡಿ ಹೊತ್ತೊಯ್ಯುವ ಲಾರಿ ಕಳಿಸುತ್ತೇವೆ ಅಂದಾಗ ಕೈಮುಗಿದು ಬೇಡ ಅಂದೆ. ಹೊಸ ಕಾರು ಲಾರಿಯ ಬೆನ್ನೇರಿ ಮಾಲೂರಿನ ಬಸ್ ಸ್ಟ್ಯಾಂಡ್ ದಾಟಿದ್ದರೆ ತಂಗಿಯ ಮಗನಿಗೆ ಹೆಣ್ಣು ಸಿಗುತ್ತಿರಲಿಲ್ಲ.

ಬುಕಿಂಗಿಗೆ ಚಾಸಿ ನಂಬರು ಬೇಕಿತ್ತು. ಮುಂದಿನ ಗಾಜಿನ ಮೂಲೆಯಲ್ಲಿ, ವೈಪರಿನ ಹಿಂದೆ ಇಣುಕಿದರೆ ಕಾಣುತ್ತದೆ, ಹದಿನೇಳು ಅಕ್ಷರ ಅಂಕೆ ಸೇರಿ. ಮಾವ ಇಣುಕಿದರು. ಅರ್ಚಕರು ಗಾಜಿಗೆ ಬರೆದ ಕುಂಕುಮದ ಸ್ವಸ್ತಿಕ ಸರಿಯಾಗಿ ಅದರ ಮೇಲೇ ಕೂತಿತ್ತು. ಒರೆಸಲು ಅಮ್ಮ ಬಿಡಲಿಲ್ಲ. ಬಗ್ಗಿ, ಓರೆಯಾಗಿ, ಕುಂಕುಮದ ಸಂದಿಯಲ್ಲಿ ಓದಿ ಹೇಳಿದರು. ಅದು ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ಎಂಬ ಜಗಳಕ್ಕೆ ಮಾತ್ರ ಜಾಗವಿರಲಿಲ್ಲ. ಚಾಸಿ ನಂಬರಿನಲ್ಲಿ ಐ, ಓ, ಕ್ಯೂ ಮೂರನ್ನೂ ಬಳಸುವುದೇ ಇಲ್ಲ. ಯಾರೋ ನಮ್ಮಂಥವರನ್ನು ಕಂಡೇ ಮಾಡಿದ ಕಟ್ಟಳೆ.

ನರಸಾಪುರದ ಮೇಲೆ ಹೆದ್ದಾರಿ ಹಿಡಿದು ಕೋಲಾರಕ್ಕೆ ಹೊರಟೆವು. ದೋಷ ಇದೆ ಎಂದು ತಿಳಿಯುವ ಮುಂಚೆ ಇದೇ ಗಾಡಿಯಲ್ಲಿ ತೊಂಬತ್ತರ ಮೇಲೆ ಹೋಗಿದ್ದವನು, ಈಗ ಎಡಪಕ್ಕ ಬಿಡಲಿಲ್ಲ. ಹಿಂದಿನಿಂದ ಟೊಮೇಟೊ ಲಾರಿಗಳು ಹಾರ್ನ್ ಹೊಡೆದು, ಡ್ರೈವರುಗಳು ತೆಲುಗಿನಲ್ಲಿ ಆಶೀರ್ವಾದ ಮಾಡಿ ಮುಂದೆ ಹೋದರು. ನಮ್ಮ ಗಾಡಿಗೆ ಓಡಿಸಲಾದರೂ ಅಪ್ಪಣೆ ಇತ್ತು. 2023ರ ಜನವರಿಯಲ್ಲಿ ಮಾರುತಿಯವರು ಏರ್‌ಬ್ಯಾಗ್ ಕಂಟ್ರೋಲರ್ ಸಲುವಾಗಿ 17,362 ಕಾರು ಕರೆಸಿದಾಗ, ಭಾಗ ಬದಲಾಗುವವರೆಗೆ ಗಾಡಿ ಓಡಿಸಲೇಬೇಡಿ ಎಂದು ಸಲಹೆ ಕೊಟ್ಟಿದ್ದರು. ಆ ಗಾಡಿ ತಗೊಂಡವರ ಬೀದಿಯ ಜನ ಏನೆಂದುಕೊಂಡಿರಬೇಕು!

ವರ್ಕ್‌ಶಾಪಿನಲ್ಲಿ ಎ.ಸಿ. ಕೋಣೆಯಲ್ಲಿ ಕೂತು ಕಾಫಿ ಕುಡಿಯಿರಿ ಅಂದರು. ಮಾವ ಕೂರುವವರಲ್ಲ. ಮೋಟಾರು ಎತ್ತುವಾಗ ಯಜಮಾನ ಪಕ್ಕದಲ್ಲಿರಬೇಕು ಎಂಬುದು ಅವರ ಬೋರ್‌ವೆಲ್ ನೀತಿ. ಮೆಕ್ಯಾನಿಕ್ ಹುಡುಗ ಹಿಂದಿನ ಸೀಟನ್ನು ಬುಡಸಮೇತ ಎತ್ತಿದ. ಕೆಳಗೆ ಅಕ್ಷತೆ, ಕಳ್ಳೆಕಾಯಿ ಸಿಪ್ಪೆ, ಒಣಗಿದ ಚೆಂಡುಹೂವಿನ ಎಸಳು, ಒಂದು ಮಾವಿನ ವಾಟೆ. ವಾಟೆಯನ್ನು ಮಾವ ಗುರುತು ಹಿಡಿದರು: "ನಮ್ದೇ, ಮಲ್ಲಿಕ." ಹುಡುಗ ಅದನ್ನೆಲ್ಲ ಗುಡಿಸಿ, ದುಂಡನೆಯ ಮುಚ್ಚಳ ಬಿಚ್ಚಿ, ವೈರು ಪೈಪು ಬಿಡಿಸಿ, ಬಿಲ್ಲೆ ತಿರುಗಿಸಿ ಮೇಲೆತ್ತಿದ. ಪೆಟ್ರೋಲು ತೊಟ್ಟಿಕ್ಕುತ್ತಾ ಗೇಣುದ್ದದ ಪಂಪು, ಪಕ್ಕದಲ್ಲಿ ತೇಲುವ ಬುರುಡೆ ಕಟ್ಟಿದ ಒಂದು ತಂತಿ ಮೇಲೆ ಬಂದವು.

"ಇದು ಸಬ್‌ಮರ್ಸಿಬಲ್ಲು!" ಮಾವ ಕೂಗಿದರು.

ಹೌದು. ಪೆಟ್ರೋಲಿನೊಳಗೇ ಮುಳುಗಿದ್ದು, ಆ ಪೆಟ್ರೋಲಿನಲ್ಲೇ ತಂಪಾಗುತ್ತಾ, ಎಂಜಿನ್ನಿಗೆ ದೂಡುವ ಮೋಟಾರು. ಅದರೊಳಗೆ ತಿರುಗುವ ಪ್ಲಾಸ್ಟಿಕ್ ಇಂಪೆಲ್ಲರ್ ಸರಿಯಿಲ್ಲದಿದ್ದರೆ ಪೆಟ್ರೋಲು ಹೀರಿ ಊದಿಕೊಂಡು, ಗೂಡಿಗೆ ತಾಗಿ ಬಿಗಿಯಾಗಿ ನಿಂತುಬಿಡುತ್ತದೆ ಎಂದು ಹುಡುಗ ವಿವರಿಸತೊಡಗಿದ. ಮಾವ ಅರ್ಧಕ್ಕೇ ತಡೆದು ಉಳಿದರ್ಧ ತಾವೇ ಹೇಳಿದರು. ಹನ್ನೆರಡು ನೂರು ಅಡಿಯಿಂದ ಎತ್ತಿದ ಪಂಪಿನಲ್ಲಿ ಮರಳು ತುಂಬಿ ಇಂಪೆಲ್ಲರ್ ಹಿಡಿದ ಕಥೆ, ಕೆ.ಸಿ. ವ್ಯಾಲಿ ಯೋಜನೆಯ ನೀರು ಕೆರೆಗೆ ಬಂದ ಮೇಲೆ ಪಕ್ಕದವನ ಬೋರು ಎದ್ದ ಕಥೆ, ಎಲ್ಲ ಆಯಿತು. ಹುಡುಗ ಬಂಗಾರಪೇಟೆ ಕಡೆಯವನು, ಅವನ ತಂದೆಯದೂ ಎರಡು ಬೋರು ಫೇಲಂತೆ. ಹೊಸ ಪಂಪು ಇಳಿಸುವ ಹೊತ್ತಿಗೆ ಇಬ್ಬರೂ ಬಂಧುಗಳಾಗಿದ್ದರು.

ಕೌಂಟರಿನಲ್ಲಿ ಬಿಲ್ಲು ಸೊನ್ನೆ ರೂಪಾಯಿ. ಅಡ್ವೈಸರ್ ನಗುತ್ತಾ, "ಸರ್, ನಿಮ್ಮ ಫೋನಿಗೆ ಒಂದು ಓಟಿಪಿ ಬಂದಿರುತ್ತೆ, ಹೇಳ್ತೀರಾ?" ಎಂದ. ಮಾವ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಗಾಡಿ ಹೊರಗೆ ಬಿಡಲು ಬೇಕೇ ಬೇಕು ಎಂದು ಅವನು, ಬೇಡವೇ ಬೇಡ ಎಂದು ಇವರು. ಕೊನೆಗೆ ಮಾವ ಒಂದು ಷರತ್ತು ಹಾಕಿದರು: ಓಟಿಪಿ ಕೊಡುತ್ತೇವೆ, ಹಳೇ ಪಂಪು ಕೊಡಿ.

"ಹಳೇ ಪಾರ್ಟು ಕಂಪನಿಗೆ ವಾಪಸ್ ಕಳಿಸ್ಬೇಕು ಸರ್, ಲೆಕ್ಕ ಇರುತ್ತೆ."

"ಬೋರಿಂದು ಬದ್ಲಾಯಿಸಿದ್ರೆ ಹಳೇ ಮೋಟ್ರು ನಮಗೇ ಕೊಡ್ತಾರೆ. ಅದ್ರಾಗೆ ತಾಮ್ರ ಇರ್ತೈತೆ."

"ಇದ್ರಲ್ಲಿ ಎಷ್ಟಿರುತ್ತೆ ಸರ್? ಒಂದು ಟೀ ದುಡ್ಡೂ ಬರಲ್ಲ."

"ನಂಗೊತ್ತಿಲ್ವಾ? ದುಡ್ಡಿಗಲ್ಲ. ಬೀದಿಯೋರಿಗೆ ತೋರ್ಸಕ್ಕೆ ಬೇಕು."