ಮೇಲಿನ ಕೆರೆಯವರಿಗೆ ಕೆಳಗಿನ ಕೆರೆಯವರ ವಿಜ್ಞಾಪನೆ

ಬೆಂಗಳೂರಿನ ಮಹಾಯೋಜನೆ ಬರೆಯುವ ಮಹನೀಯರಿಗೆ,

ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕು ತಾಯಲೂರಿನಿಂದ ಬರೆಯುತ್ತಿದ್ದೇನೆ.

ತಾವು 2041ನೇ ಇಸವಿಯ ಮಾಸ್ಟರ್ ಪ್ಲಾನ್ ತಯಾರಿಯಲ್ಲಿದ್ದೀರಿ ಎಂದು ಕೇಳಿ ಸಂತೋಷವಾಯಿತು. ತಮ್ಮ ತಾಳ್ಮೆ ನೋಡಿ ಇನ್ನೂ ಸಂತೋಷವಾಯಿತು. 2007ರಲ್ಲಿ ಒಪ್ಪಿಗೆ ಪಡೆದ 2015ರ ಯೋಜನೆ, ಹೆಸರಿನಲ್ಲಿದ್ದ ಗಡುವು ತೀರಿ ಹತ್ತು ವರ್ಷವಾದರೂ ಊರನ್ನು ಆಳುತ್ತಲೇ ಇದೆ. 2017ರ ನವೆಂಬರಿನಲ್ಲಿ 2031ರ ಕರಡು ಬಂತು, ಜನ ರಾಶಿಗಟ್ಟಲೆ ಆಕ್ಷೇಪಣೆ ಕೊಟ್ಟರು, 2020ರಲ್ಲಿ ಸರ್ಕಾರ ಅದನ್ನು ವಾಪಸು ತೆಗೆದುಕೊಂಡಿತು. ನಮ್ಮಲ್ಲಿ ಬೆಳೆ ಕೈಕೊಟ್ಟರೆ ಸಾಲ ಮಾಡಿ ಅದೇ ಬೆಳೆಯನ್ನು ಮತ್ತೆ ಇಡುತ್ತೇವೆ. ತಾವು ಇಸವಿಯನ್ನೇ ಹತ್ತು ವರ್ಷ ಮುಂದಕ್ಕೆ ಇಡುತ್ತೀರಿ. ಬಡ್ಡಿಯಿಲ್ಲದ ಇಂಥ ಬೇಸಾಯ ನಮಗೂ ಕಲಿಸಿಕೊಡಿ.

2020ರ ಸೆಪ್ಟೆಂಬರಿನಿಂದ ಐದು ವರ್ಷ ಒಬ್ಬ ಕಾರ್ಪೊರೇಟರೂ ಇಲ್ಲದೆ ಅಷ್ಟು ದೊಡ್ಡ ನಗರ ನಡೆಸಿದಿರಿ. ನಮಗೋ, ಚರಂಡಿ ಕಟ್ಟಿಕೊಂಡರೆ ಬಯ್ಯುವುದಕ್ಕಾದರೂ ಒಬ್ಬ ಮೆಂಬರು ಬೇಕು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯನ್ನು ಒಡೆದು ಐದು ಪಾಲಿಕೆ ಮಾಡಿ, ಅವುಗಳ ನೆತ್ತಿಯ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂರಿಸಿದ್ದನ್ನೂ ಓದಿದೆವು. ಅಣ್ಣತಮ್ಮಂದಿರು ಪಾಲಾದ ಮೇಲೂ ಯಜಮಾನಿಕೆ ಒಬ್ಬರ ಕೈಲೇ ಉಳಿಯುವುದು ನಮಗೆ ಹೊಸದೇನಲ್ಲ.

ವಿಷಯಕ್ಕೆ ಬರುತ್ತೇನೆ. ತಮ್ಮ ನಕ್ಷೆಯನ್ನು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆವು. ಪೂರ್ವಕ್ಕೆ ಹೊಸಕೋಟೆ ಮುಟ್ಟುವುದರೊಳಗೆ ಗೆರೆ ಮುಗಿಯುತ್ತದೆ. ಕೋಲಾರ ಅದರಲ್ಲಿಲ್ಲ. ಬೇಸರವೇನಿಲ್ಲ. ಆದರೆ ತಮ್ಮ ಬಚ್ಚಲ ನೀರಿಗೆ ಆ ಗೆರೆ ಕಾಣಿಸಿದಂತಿಲ್ಲ.

ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರನ್ನು ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ ನಮ್ಮ ಸೀಮೆಯ 126 ಕೆರೆಗಳಿಗೆ ತುಂಬಿಸುವ ಯೋಜನೆ ತಮಗೆ ನೆನಪಿರಬಹುದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಮರು ತಿಂಗಳೇ ನೊರೆಯೂ ಬಂತು. ಹೈಕೋರ್ಟ್ ತಡೆಯಿತು, ಆಮೇಲೆ ಬಿಟ್ಟಿತು. ಸುಪ್ರೀಂ ಕೋರ್ಟ್ ತಡೆಯಿತು, 2019ರಲ್ಲಿ ಅದೂ ಬಿಟ್ಟಿತು. ಸುಳ್ಳು ಹೇಳಬಾರದು, ಆ ನೀರಿನಿಂದ ಸತ್ತಿದ್ದ ಬೋರ್‌ವೆಲ್‌ಗಳಿಗೆ ಜೀವ ಬಂದಿದೆ. ಸಾವಿರದೈನೂರು ಅಡಿ ಕೊರೆದು ಬರೀ ಕಲ್ಲುಪುಡಿ ಕಂಡ ಜಿಲ್ಲೆಗೆ ಅದು ಸಣ್ಣ ಮಾತಲ್ಲ. ಕೆರೆಗೆ ನೇರವಾಗಿ ಮೋಟರ್ ಇಡಬೇಡಿ, ಅಂತರ್ಜಲಕ್ಕೆ ಇಂಗಲಿ ಎಂದಿರಿ. ಇಂಗಿತು. ಬೋರ್‌ವೆಲ್‌ನಲ್ಲಿ ಎದ್ದಿತು. ಟೊಮೆಟೊ ತೋಟಕ್ಕೆ ಹರಿಯಿತು. ಅಲ್ಲಿಂದ ಬಾಕ್ಸು ತುಂಬಿ, ರಾತ್ರಿ ಲಾರಿ ಹತ್ತಿ, ಬೆಳಗಿನ ಜಾವ ತಮ್ಮ ಮಾರುಕಟ್ಟೆಯಲ್ಲಿ ಇಳಿಯಿತು. ಮಧ್ಯಾಹ್ನದ ತಿಳಿಸಾರು ರುಚಿಯಾಗಿತ್ತೇ? ಮೂರನೇ ಹಂತದ ಶುದ್ಧೀಕರಣ ಬೇಕೆಂದು ನಾವು ಬೊಬ್ಬೆ ಹೊಡೆಯುವುದು ನಮ್ಮ ಹೊಟ್ಟೆಗಾಗಿ ಮಾತ್ರ ಎಂದು ಭಾವಿಸಬಾರದಾಗಿ ವಿನಂತಿ. (2023ರ ಜುಲೈನಲ್ಲಿ ಹದಿನೈದು ಕೆಜಿ ಟೊಮೆಟೊ ಬಾಕ್ಸಿಗೆ ಎರಡು ಸಾವಿರ ರೂಪಾಯಿ ದಾಟಿದಾಗ ಮಾತ್ರ ಕೋಲಾರ ಎಲ್ಲಿದೆ ಎಂದು ತಮ್ಮ ಊರಿಗೆಲ್ಲ ಗೊತ್ತಿತ್ತು.)

ನಮ್ಮ ಹಿಂದಿನವರಿಗೆ ವಿಷನ್ ಡಾಕ್ಯುಮೆಂಟ್ ಬರೆಯಲು ಬರುತ್ತಿರಲಿಲ್ಲ. ಚಿಕ್ಕಬಳ್ಳಾಪುರ ಸೇರಿದ್ದ ಹಳೇ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಮೀರಿ ಕೆರೆ ಕಟ್ಟಿಸಿದರು, ಅಷ್ಟೆ. ಒಂದರ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಮೇಲಿನ ಊರಿನವರು ಗೊತ್ತಾಗದಂತೆ ಕೋಡಿಗೆ ಎರಡು ಸಾಲು ಕಲ್ಲು ಏರಿಸಿದರೆ, ಕೆಳಗಿನವರು ಹಾರೆ ಹಿಡಿದುಕೊಂಡೇ ಕಟ್ಟೆಯ ಮೇಲೆ ಪಂಚಾಯ್ತಿಗೆ ಬರುತ್ತಿದ್ದರು. ತೂಬು ಎತ್ತಿ ನೀರು ಹಂಚಲು ನೀರುಗಂಟಿ ಇದ್ದ. ಅಚ್ಚುಕಟ್ಟಿನ ಕಟ್ಟಕಡೆಯ ಗದ್ದೆಯವನು ಬಯ್ಯದಿದ್ದರೆ ಅವನು ಒಳ್ಳೆಯ ನೀರುಗಂಟಿ. ಬೇರೆ ಮೌಲ್ಯಮಾಪನ ಇರಲಿಲ್ಲ. ಪೈಪು ಹಾಕಿದ ದಿನವೇ ಬೆಂಗಳೂರು ನಮಗೆ ಮೇಲಿನ ಕೆರೆಯಾಯಿತು. ಹಾಗಾಗಿ ಕೆಳಗಿನ ಕೆರೆಯವರಿಗಿರುವ ಹಕ್ಕು ನಮಗೂ ಬಂತು.

ಯೋಜನೆ ಎಂದರೆ ನಮಗೇನು ಗೊತ್ತು ಎನ್ನಬೇಡಿ. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ 2007ರವರೆಗೆ ನಮ್ಮ ಜಿಲ್ಲೆಯಲ್ಲೇ ಇತ್ತು. ಶಿವನಸಮುದ್ರದ ಕರೆಂಟು 1902ರಲ್ಲಿ ಕೆಜಿಎಫ್‌ಗೆ ಬಂದದ್ದು, ಬೆಂಗಳೂರಿಗೆ 1905ರಲ್ಲಿ. ಚಿನ್ನವಿದ್ದಾಗ ನಾವು ಯೋಜನೆಯಲ್ಲಿ ಮೊದಲಿಗರು. 2001ರಲ್ಲಿ ಗಣಿಗೆ ಬೀಗ ಬಿತ್ತು, ಸರದಿ ಬದಲಾಯಿತು. ಪಶ್ಚಿಮಘಟ್ಟದಿಂದ ನಮಗೆ ನೀರು ತರುವ ಎತ್ತಿನಹೊಳೆ ಯೋಜನೆಯ ಮಾತು ಬೇಡವೆಂದಿದ್ದೆ, ಬಾಯಿ ತಡೆಯದು: 2014ರಲ್ಲಿ 12,912 ಕೋಟಿಯಿದ್ದ ವೆಚ್ಚ 23 ಸಾವಿರ ಕೋಟಿ ದಾಟಿದೆ. ಘಟ್ಟವನ್ನು ನೀರಿಗಿಂತ ಮೊದಲು ಹತ್ತಿದ್ದು ಅಂದಾಜುಪಟ್ಟಿ.

ನಮ್ಮದು ದೊಡ್ಡ ಬೇಡಿಕೆಯಲ್ಲ. 2041ರ ನಕ್ಷೆಯಲ್ಲಿ ಆ ಪೈಪನ್ನು ಅದು ಹೋಗಿ ಮುಟ್ಟುವ ಕೊನೆಯ ಕೆರೆಯವರೆಗೂ ಎಳೆಯಿರಿ. ನೀರಿನ ಪರೀಕ್ಷೆಯ ಫಲಿತಾಂಶವನ್ನು ಪ್ರತಿ ಕೆರೆಯ ಏರಿ ಮೇಲೆ ಕನ್ನಡದಲ್ಲಿ ಬರೆಸಿ, ದನ ಬಿಡುವ ಮುಂಚೆ ಓದಿಕೊಳ್ಳುತ್ತೇವೆ. ಯೋಜನೆಯ ಸಭೆಯಲ್ಲಿ ಕನ್ಸಲ್ಟೆಂಟರ ಪಕ್ಕ ಒಬ್ಬ ನೀರುಗಂಟಿಗೂ ಕುರ್ಚಿ ಹಾಕಿಸಿ. ಪಿಪಿಟಿ ಅವನಿಗೆ ಅರ್ಥವಾಗದಿದ್ದರೂ, ನೀರು ಎತ್ತ ಹರಿಯುತ್ತದೆ ಎಂಬುದು ಅರ್ಥವಾಗುತ್ತದೆ.

ಸಭೆಯನ್ನು ಮಾತ್ರ ಹನ್ನೊಂದು ಗಂಟೆಗಿಂತ ಮುಂಚೆ ಇಡಬೇಡಿ. ಮುಳಬಾಗಿಲಿಗೆ ರೈಲಿಲ್ಲ, ಬಸ್ಸಿನಲ್ಲೇ ಬರಬೇಕು. ಕೋಲಾರ ದಾಟಿ ಹೊಸಕೋಟೆವರೆಗೆ ಹೊತ್ತಿಗೆ ಸರಿಯಾಗಿ ಬರುತ್ತೇವೆ. ಅಲ್ಲಿಂದ ಟಿನ್ ಫ್ಯಾಕ್ಟರಿ ದಾಟುವುದು, ತಮ್ಮ 2015ರ ಯೋಜನೆ ದಾರಿ ಬಿಟ್ಟಾಗ.

ಇಂತಿ,
ಕೆಳಗಿನ ಕೆರೆಯ ಒಬ್ಬ ಅಚ್ಚುಕಟ್ಟುದಾರ,
ತಾಯಲೂರು