ಬ್ಯಾಂಡ್ ಮೇಷ್ಟ್ರು ಮತ್ತು 52 ಸೆಕೆಂಡು

ಬ್ಯಾಂಡ್ ಮೇಷ್ಟ್ರು ಎಂಬವರು ಹುಟ್ಟಿನಿಂದ ಡ್ರಿಲ್ ಮೇಷ್ಟ್ರು. ಹಳೇ ಮೈಸೂರಿನ ಸಣ್ಣ ಊರುಗಳ ಹೈಸ್ಕೂಲಿನಲ್ಲಿ ಕನ್ನಡಕ್ಕೊಬ್ಬರು, ಗಣಿತಕ್ಕೊಬ್ಬರು ಇದ್ದಂತೆ ಬ್ಯಾಂಡಿಗೆಂದೇ ಒಬ್ಬರು ಇರುತ್ತಿರಲಿಲ್ಲ. ಸೀಟಿ ಯಾರ ಕೊರಳಲ್ಲಿದೆಯೋ ಅವರ ತಲೆಗೇ ಬ್ಯಾಂಡು. ಇಲ್ಲಿ ವಿವರಿಸಲಾಗುವ ಮೇಷ್ಟ್ರು ಅಂಥವರು. ಈ ಕೆಲಸಕ್ಕೆ ಅವರಿಗೆ ಸಂಬಳವಿರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ. ಸೈನ್ಯದ ಬ್ಯಾಂಡಿನವರು ಪಚಮಢಿಯ ಸಂಗೀತಶಾಲೆಗೆ ಹೋಗಿ ಕಲಿಯುತ್ತಾರೆ. ಇವರು ಮೈಸೂರಿನ ಫುಟ್‌ಪಾತಿನಲ್ಲಿ ನಿಂತು ಕಲಿತರು. ದಸರಾ ಜಂಬೂಸವಾರಿಗೆ ಹುಡುಗರನ್ನು ಕರೆದೊಯ್ದಾಗ ಅವರ ಆಜ್ಞೆ ಒಂದೇ: ಆನೆ ನೋಡಬಾರದು, ಪೊಲೀಸ್ ಬ್ಯಾಂಡಿನವರ ಕೆನ್ನೆ ನೋಡಬೇಕು. ಹೀಗಾಗಿ ಅಂಬಾರಿ ಕಣ್ಣೆದುರೇ ಹಾದುಹೋದರೂ ಅದನ್ನು ಕಾಣದ ಒಂದು ತಲೆಮಾರು ಆ ಊರಿನಲ್ಲಿದೆ.

ಸಲಕರಣೆಗಳು ಇಷ್ಟು: ದೊಡ್ಡ ಡ್ರಮ್ಮು ಒಂದು, ಸೈಡ್ ಡ್ರಮ್ಮು ನಾಲ್ಕು, ಕೊಳಲು ಆರು, ಬ್ಯೂಗಲ್ ಮೂರು, ತ್ರಿಕೋನಾಕಾರದ ಕಬ್ಬಿಣದ ಸರಳು ಒಂದು. ಸರಳು ಬಾರಿಸುವವನು ಯಾವಾಗಲೂ ಹೆಡ್ಮೇಷ್ಟ್ರ ಸಂಬಂಧಿಕ. ಬ್ಯೂಗಲ್‌ಗಳು ಮೀರತ್ತಿನವು. 1885ರಲ್ಲಿ ಶುರುವಾದ ನಾದಿರ್ ಅಲಿ ಕಂಪನಿಯ ಊರಾದ ಮೀರತ್ತು, ದೇಶದ ಮದುವೆ ಮೆರವಣಿಗೆಗಳಿಗೆಲ್ಲ ಹಿತ್ತಾಳೆಯ ಗಂಟಲು ಒದಗಿಸಿದ ಊರು.

ಬ್ಯೂಗಲ್ಲಿಗೆ ಗುಂಡಿಯಿಲ್ಲ, ರಂಧ್ರವಿಲ್ಲ. ಇರುವುದು ಒಂದು ಕೊಳವೆ. ಮಿಕ್ಕದ್ದನ್ನೆಲ್ಲ ತುಟಿ ಮಾಡಬೇಕು. ಅದರಿಂದ ಹೊರಡುವುದು ಮುಖ್ಯವಾಗಿ ಐದೇ ಸ್ವರ: ಸ, ಪ, ಮತ್ತೆ ಮೇಲಿನ ಸ, ಗ, ಪ. ರಿಷಭವನ್ನು ಕೇಳಿದರೆ ಅದು ಮೇಷ್ಟ್ರನ್ನು ನೋಡುತ್ತದೆ. ತುಟಿಗೆ ಆಧಾರ ಮುಂದಿನ ಹಲ್ಲು. ಮೇಷ್ಟ್ರ ಎರಡು ಮುಂದಿನ ಹಲ್ಲು ವಾಲಿಬಾಲಿಗೆ ಆಹುತಿಯಾಗಿದ್ದವು. ಆದ್ದರಿಂದ ಅವರು ಬ್ಯೂಗಲ್ಲನ್ನು ಊದದೆ, ಬಾಯಲ್ಲೇ 'ಪಂಪರಪಂ' ಎಂದು ಕಲಿಸಿದರು. ಡ್ರಮ್ಮಿನ ಪಾಠವಂತೂ ಪೂರ್ತಿ ಅಡುಗೆಮನೆಯದು: ನಿಧಾನದ ನಡೆಗೆ 'ಅನ್ನ, ಸಾರು', ಚುರುಕಿನ ನಡೆಗೆ 'ಉಪ್ಪಿಟ್ಟು ಚಟ್ನಿ, ಉಪ್ಪಿಟ್ಟು ಚಟ್ನಿ'. ಬೆಳಗ್ಗೆ ಎಂಟಕ್ಕೆ ಖಾಲಿ ಹೊಟ್ಟೆಯಲ್ಲಿ ಬಂದ ಹುಡುಗರ ಮೇಲೆ ಈ ವಿಧಾನ ಮಾಡಿದ ಪರಿಣಾಮ ಮುಂದೆ ಬರುತ್ತದೆ.

ಆಗಸ್ಟ್ 15 ಮಳೆಗಾಲದಲ್ಲಿ ಬೀಳುತ್ತದೆ ಎಂಬುದು ಸ್ವಾತಂತ್ರ್ಯ ತಂದವರು ಬ್ಯಾಂಡಿನವರನ್ನು ಕೇಳದೆ ಮಾಡಿಕೊಂಡ ಏರ್ಪಾಡು. ಚರ್ಮದ ಡ್ರಮ್ಮು ತೇವ ಹೀರಿದರೆ ಸಡಿಲವಾಗಿ, ಒದ್ದೆ ದಿಂಬು ಬಡಿದ ಸದ್ದು ಮಾಡುತ್ತದೆ. ಅದಕ್ಕಾಗಿ ಸ್ಟಾಫ್ ರೂಮಿನ ಹಿಂದೆ ಹಳೇ ಉತ್ತರಪತ್ರಿಕೆಗಳ ಬೆಂಕಿ ಹಾಕಿ ಡ್ರಮ್ಮು ಕಾಯಿಸುವುದು ವಾಡಿಕೆ. ಸಮಾಜ ವಿಜ್ಞಾನದ ಉತ್ತರಗಳು ಉದ್ದವಾದ್ದರಿಂದ ಚೆನ್ನಾಗಿ ಉರಿಯುತ್ತಿದ್ದವು.

ಮೂರು ಬ್ಯೂಗಲ್‌ಗಳಲ್ಲಿ ಊದಬಲ್ಲವರು ಇಬ್ಬರು. ಮೂರನೇ ಬ್ಯೂಗಲ್ ಹಿಡಿದ ಹುಡುಗನಿಂದ ಎಂಟು ತಿಂಗಳಲ್ಲಿ ಹೊರಟಿದ್ದು ಗಾಳಿ ಮಾತ್ರ. ಬೇರೆ ಯಾರೇ ಆಗಿದ್ದರೂ ಮನೆಗೆ ಕಳಿಸುತ್ತಿದ್ದರು. ಮೇಷ್ಟ್ರು ಹೇಳಿದ್ದು, "ಕೆನ್ನೆ ಉಬ್ಬಿಸ್ಕೊಂಡು ನಿಂತ್ಕೊ. ಸಾಲು ತುಂಬ್ಬೇಕು." (ಈ ವಿವರಗಳು ಇಷ್ಟು ಖಚಿತವಾಗಿರಲು ಕಾರಣ, ಮೂರನೇ ಬ್ಯೂಗಲ್ಲೂ ಈ ಬರಹಗಾರನೂ ತೊಟ್ಟಿದ್ದ ಚಡ್ಡಿ ಒಂದೇ.)

ಊದದ ಬ್ಯೂಗಲ್ಲೆಂದರೆ ಒಂದು ಪಾತ್ರೆ. ಆ ವರ್ಷದ ಆಗಸ್ಟ್ 15ರಂದು ಬ್ಯಾಂಡಿನವರಿಗೆ ಮೊದಲೇ ಬೂಂದಿಲಾಡು ಹಂಚಲಾಯಿತು. ಬ್ಯಾಂಡಿನ ಸಮವಸ್ತ್ರಕ್ಕೆ ಜೇಬಿರಲಿಲ್ಲ, ಬಟ್ಟೆ ಉಳಿಸಿದ್ದರು. ಮೂರನೇ ಬ್ಯೂಗಲ್ ತನ್ನ ಪಾಲಿನ ಲಾಡನ್ನು, ತಂಗಿಗೆಂದು ಪಡೆದ ಇನ್ನೊಂದನ್ನೂ ಬ್ಯೂಗಲ್ಲಿನ ಬಾಯೊಳಗೆ ಒತ್ತಿದ. ಹತ್ತು ನಿಮಿಷಕ್ಕೆ ಸುದ್ದಿ ಬಂತು: ಮೊದಲನೇ ಬ್ಯೂಗಲ್ಲಿಗೆ ಮಂಗನಬಾವು. ಕೆನ್ನೆ ಉಬ್ಬಿದೆ, ಊದಲಾಗದು. ಎರಡನೆಯವನಿಗೂ ಅದೇ, ಇಬ್ಬರೂ ಅಣ್ಣತಮ್ಮಂದಿರು.

ಬಾವುಟ ಏರಿತು. ಮೇಷ್ಟ್ರು ದಂಡ ಎತ್ತಿದರು. ಮೂರನೇ ಬ್ಯೂಗಲ್ ಜೀವಮಾನದಲ್ಲಿ ಮೊದಲ ಸಲ ಮನಸಾರೆ ಊದಿದ. ಗಾಳಿ ಹೋದಷ್ಟೇ ವೇಗದಲ್ಲಿ ಏಲಕ್ಕಿಯ ಪರಿಮಳದೊಂದಿಗೆ ಹಿಂದಿರುಗಿ ಬಂತು. ಏನಾಯಿತೆಂದು ಬ್ಯೂಗಲ್ಲನ್ನು ಕೆಳಗೆ ತಿರುಗಿಸಿದ. ಎರಡು ಲಾಡಿನಷ್ಟು ಬೂಂದಿ, ಮುಖ್ಯ ಅತಿಥಿಗಳ ಕರಿ ಬೂಟಿನ ಸುತ್ತ ಸುರಿಯಿತು. ಅಷ್ಟರಲ್ಲಿ ರಾಷ್ಟ್ರಗೀತೆಯ ಡ್ರಮ್ ರೋಲ್ ಶುರುವಾಯಿತು.

ರಾಷ್ಟ್ರಗೀತೆಯ ಪೂರ್ಣಪಾಠಕ್ಕೆ ನಿಗದಿಯಾದ ಅವಧಿ ಸುಮಾರು 52 ಸೆಕೆಂಡು. ಅದಕ್ಕೆ ಮೊದಲು ನಿಧಾನ ನಡಿಗೆಯ ಏಳು ಹೆಜ್ಜೆಯಷ್ಟು ಹೊತ್ತು ಡ್ರಮ್ ರೋಲ್. ಈ ಅವಧಿಯಲ್ಲಿ ಯಾರೂ ಅಲುಗಾಡುವಂತಿಲ್ಲ. ನಿಯಮ ಜವಾನರ ಕೋಳಿಗೆ ತಿಳಿದಿರಲಿಲ್ಲ.

ಏಳು ಹೆಜ್ಜೆ ಮುಗಿಯುವಷ್ಟರಲ್ಲಿ ಅದು ಹೊಂಗೆಮರದ ಬುಡದಿಂದ ಹೊರಟಿತ್ತು. ಐದನೇ ಸೆಕೆಂಡಿಗೆ ಒಂದು ಕಾಳು ಕುಕ್ಕಿ, ತಲೆ ಓರೆಮಾಡಿ ಯೋಚಿಸಿತು. ಒಂಬತ್ತಕ್ಕೆ ತೀರ್ಮಾನಕ್ಕೆ ಬಂದು ಮರಿಗಳನ್ನು ಕರೆಯಿತು. ಆರು ಮರಿಗಳು ಒಂಬತ್ತನೇ ತರಗತಿಯ ಹೆಣ್ಣುಮಕ್ಕಳ ಸಾಲಿನ ಕಾಲುಗಳ ನಡುವೆ ನುಸುಳಿ ಬಂದವು. ಆ ಸಾಲಿನ ಹಾಡು ಅರ್ಧ ಶ್ರುತಿ ಮೇಲೇರಿತು. ಇಪ್ಪತ್ತಕ್ಕೆ ಕೋಳಿ ಮುಖ್ಯ ಅತಿಥಿಗಳ ಎಡ ಬೂಟನ್ನು ಹತ್ತಿತು. ಲೇಸಿನಲ್ಲಿ ಸಿಕ್ಕಿಕೊಂಡಿದ್ದ ಬೂಂದಿಯನ್ನು ಕಿತ್ತುಕೊಳ್ಳುವ ಒಂದೊಂದು ಪ್ರಯತ್ನಕ್ಕೂ ಲೇಸು ಒಂದೊಂದು ಅಂಗುಲ ಬಿಚ್ಚಿತು. ಅತಿಥಿಗಳು ಕಲ್ಲಾಗಿ ನಿಂತಿದ್ದರು. ಸಾವಧಾನದ ನಿಯಮ ಕತ್ತಿಗೇ ಹೊರತು ಕಣ್ಣಿಗಲ್ಲ. ನಾನೂರು ಜೊತೆ ಕಣ್ಣು ಬಾವುಟ ಬಿಟ್ಟು ಬೂಟಿಗಿಳಿದವು. ಮೂವತ್ತೆಂಟಕ್ಕೆ ಹುಂಜ ಬಂತು. ಅದು ತಿನ್ನಲಿಲ್ಲ. ಡ್ರಮ್ಮಿನ ಸದ್ದನ್ನು ವೈಯಕ್ತಿಕವಾಗಿ ತೆಗೆದುಕೊಂಡು, ಕೊರಳು ಚಾಚಿ ಉತ್ತರ ಕೊಟ್ಟಿತು. ಆ ಬೆಳಗ್ಗೆ ಶಾಲೆಯಲ್ಲಿ ಮೊಳಗಿದ ಏಕೈಕ ಬ್ಯೂಗಲ್ ಅದು.

ನಗು ತಡೆದ ಕೊಳಲಿನವರು ಉಸಿರು ಸಾಲದೆ ನಿಧಾನವಾದ್ದರಿಂದ ಮೇಷ್ಟ್ರ ಎಚ್ಎಂಟಿ ಗಡಿಯಾರದ ಪ್ರಕಾರ ರಾಷ್ಟ್ರಗೀತೆ ಒಂದು ನಿಮಿಷ ಒಂಬತ್ತು ಸೆಕೆಂಡು ನಡೆಯಿತು. ಅಷ್ಟು ಹೊತ್ತೂ ಮೇಷ್ಟ್ರ ದಂಡ ಕೂದಲೆಳೆಯಷ್ಟೂ ಅಳ್ಳಾಡಲಿಲ್ಲ. ಮೀಸೆಯ ಬಗ್ಗೆ ಹಾಗೆ ಹೇಳುವಂತಿಲ್ಲ.

ಹೆಡ್ಮೇಷ್ಟ್ರು ಬೆತ್ತ ತರಿಸಿದರು. ಬ್ಯಾಂಡ್ ಮೇಷ್ಟ್ರು ಮಧ್ಯೆ ಬಂದು, "ತುಟಿ ಹೊಂದಿಸಿದ್ದು ಸರಿಯಾಗೇ ಇತ್ತು ಸಾರ್, ದಾರಿ ಕಟ್ಟಿತ್ತು ಅಷ್ಟೆ" ಎಂದು ತಾಂತ್ರಿಕ ವರದಿ ಒಪ್ಪಿಸಿದರು. ಶಿಕ್ಷೆ, ಹುಣಸೆಹುಳಿ ಬಿಸಿನೀರಿನಲ್ಲಿ ಬ್ಯೂಗಲ್ ತೊಳೆಯುವುದು. ಜನವರಿ 26ರವರೆಗೂ ಇರುವೆ ಬರುತ್ತಿದ್ದವು.

ನಂತರದ ಚರಿತ್ರೆ ಚಿಕ್ಕದು. ಮೇಷ್ಟ್ರು ನಿವೃತ್ತರಾದರು. ಡ್ರಮ್ಮಿನ ಚರ್ಮ ಇಲಿಯ ಪಾಲಾಯಿತು. ಈಗ ಧ್ವಜಾರೋಹಣಕ್ಕೆ ಪೆನ್ ಡ್ರೈವ್ ಸಾಕು. ಸರಿಯಾಗಿ 52 ಸೆಕೆಂಡು, ಕೋಳಿಗೆ ಅವಕಾಶವಿಲ್ಲ. ಮೇಷ್ಟ್ರು ತೀರಿಕೊಂಡ ದಿನ ಹಳೇ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಾಲುಸಾಲು ಕೈ ಮುಗಿದವು. ಅವುಗಳ ನಡುವೆಯೇ ಒಬ್ಬ, ಮೂವತ್ತು–ನಲವತ್ತರ ಸೈಟು ಮಾರಾಟಕ್ಕಿದೆ ಎಂದು ಹಾಕಿದ. ಅವನು ಸರಳು ಬಾರಿಸುತ್ತಿದ್ದವನು. ಮಣ್ಣಿಗೆ ಹೋದವರು ಒಂಬತ್ತು ಜನ. ಮಳೆ ಬರುತ್ತಿತ್ತು. ಬ್ಯಾಂಡಿರಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಮೇಷ್ಟ್ರ ಫೋಟೋದ ಪಕ್ಕ ಒಂದು ಬ್ಯೂಗಲ್ ಇಟ್ಟು ಹಾರ ಹಾಕಿದ್ದರು. ಮೂರನೇ ಬ್ಯೂಗಲ್ ತನ್ನ ಹೆಸರು, ಬ್ಯಾಚು, ಈಗಿನ ಹುದ್ದೆ ಎಲ್ಲವನ್ನೂ ಹೇಳಿಕೊಂಡ. ಮೇಷ್ಟ್ರ ಹೆಂಡತಿಗೆ ಯಾವುದೂ ಹೊಳೆಯಲಿಲ್ಲ. ಆಮೇಲೆ ಬ್ಯೂಗಲ್ಲಿನ ಕಡೆ ನೋಡಿ, ಇವನ ಕಡೆ ನೋಡಿ, "ಲಾಡಿನ ಹುಡುಗ ನೀನೇನಪ್ಪಾ? ಹೋಗೋ ಹಿಂದಿನ ವಾರವೂ ಹೇಳಿ ನಕ್ಕಿದ್ರು" ಎಂದರು.

ಎಲೆಯ ತುದಿಗೆ ಬೂಂದಿಲಾಡು ಬಿತ್ತು. ತಂಗಿಗೆಂದು ಇನ್ನೊಂದು ಕೇಳಿ ಪಡೆಯಲಾಯಿತು. ಈ ಸಲ ಅಂಗಿಗೆ ಜೇಬಿತ್ತು.