ಧರ್ಮಸ್ಥಳಕ್ಕೆ 80 ಪರ್ಸೆಂಟ್

ಭಾವ: ಬೆಂಗಳೂರಿಂದ ಧರ್ಮಸ್ಥಳಕ್ಕೆ ಸುಮಾರು 300 ಕಿಲೋಮೀಟರ್. ನಿನ್ನ ಕಾರು 450 ಓಡುತ್ತೆ ಅಂದಿದ್ದೆ. ಹಾಸನದಲ್ಲಿ ಯಾಕೋ ನಿಲ್ಸಿದೆ?

ಭಾಮೈದ: ಆ 450 ಲ್ಯಾಬಿನಲ್ಲಿ, ಭಾವ. ಅಲ್ಲಿ ಎಸಿ ಇಲ್ಲ, ನೂರರ ಸ್ಪೀಡಿಲ್ಲ, ಡಿಕ್ಕಿ ತುಂಬಾ ಅಕ್ಕನ ಲಗೇಜೂ ಇಲ್ಲ.

ಭಾವ: ಸರಿ, ಚಾರ್ಜಿಗೆ ಹಾಕು.

ಭಾಮೈದ: ಆ್ಯಪ್ ಇಳಿಸ್ಕೋಬೇಕು, ವಾಲೆಟ್ಟಿಗೆ ದುಡ್ಡು ಹಾಕ್ಬೇಕು, ಓಟಿಪಿ ಬರ್ಬೇಕು. ಮುಂದೆ ಒಬ್ಬರಿದ್ದಾರೆ ಬೇರೆ.

ಭಾವ: ಆ ಮನುಷ್ಯ ಸೀಟು ಹಿಂದಕ್ಕೆ ಹಾಕಿ ಗೊರಕೆ ಹೊಡೀತಿದ್ದಾನಲ್ಲೋ!

ಭಾಮೈದ: 80 ದಾಟಿದ್ಮೇಲೆ ಚಾರ್ಜು ತೆವಳುತ್ತೆ. ಅವರಿಗೆ ನೂರೇ ಆಗ್ಬೇಕಂತೆ.

(ಪುಕ್ಕಟೆ ಊಟವಲ್ಲದಿದ್ದರೂ ಎಲೆ ತುಂಬಿದರೇ ನಮ್ಮವರಿಗೆ ಸಮಾಧಾನ.)

ಭಾವ: ನನ್ನ ಡೀಸೆಲ್ ಗಾಡಿ ಆಗಿದ್ರೆ ಇಷ್ಟೊತ್ತಿಗೆ ನೇತ್ರಾವತೀಲಿ ಮುಳುಗು ಹಾಕ್ತಿದ್ದೆ.

ಭಾಮೈದ: ಹೋದ್ಸಲ ಯಡಿಯೂರಲ್ಲಿ ದರ್ಶನ, ಚನ್ನರಾಯಪಟ್ಟಣದಲ್ಲಿ ದೋಸೆ, ಸಕಲೇಶಪುರದಲ್ಲಿ ನಿಮ್ಮ ಸ್ನೇಹಿತರ ಎಸ್ಟೇಟು. ಟ್ಯಾಂಕ್ ತುಂಬಿತ್ತು, ತಲುಪಿದ್ದು ರಾತ್ರಿ.

ಭಾವ: ಅದು ಪ್ರವಾಸ ಕಣೋ. ಇದು ಕಾಯೋದು.

ಭಾಮೈದ: ಶಿರಾಡಿ ಘಾಟಿ ಇಳೀವಾಗ ನೋಡ್ತಿರಿ, ಮೋಟರೇ ಜನರೇಟರ್ ಆಗಿ ಒಂದಿಷ್ಟು ಚಾರ್ಜು ತುಂಬ್ಕೊಡುತ್ತೆ. ಡೀಸೆಲ್ ಯಾವತ್ತಾದ್ರೂ ಟ್ಯಾಂಕಿಗೆ ವಾಪಸ್ ಬಂದಿದ್ಯಾ?

ಭಾವ: ಬರುವಾಗ ಅದೇ ಘಾಟಿ ಹತ್ತಬೇಕಲ್ಲ?

ಭಾಮೈದ: ಅದನ್ನೂ ಹರಕೇಲಿ ಸೇರಿಸ್ಕೊಳ್ಳಿ, ಭಾವ.